ಹಿತ್ತಲಲ್ಲಿ ಮೊಮ್ಮಗ, ಜೋಳಿಗೆಯಲ್ಲಿ ಕೂಸು

ಮೆಂತ್ಯೆ ಬಿತ್ತಿದ ಮೂರನೆಯ ದಿನ ಬೆಳಗ್ಗೆ ಹಿತ್ತಲಿಗೆ ಹೋಗಿ ನೋಡಿದರೆ ಮಡಿಯ ಅರ್ಧ ಭಾಗ ಕೆದರಿ ಹೋಗಿತ್ತು. ಗುಬ್ಬಿಗಳ ಕೆಲಸವೋ, ಇರುವೆಗಳ ಕೆಲಸವೋ ಎಂದು ನಾನು ಬಗ್ಗಿ ನೋಡುತ್ತಿರುವಾಗ ಎರಡೂವರೆ ವರ್ಷದ ಮೊಮ್ಮಗ ಪಕ್ಕದಲ್ಲಿ ಬಂದು ನಿಂತ. ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಹತ್ತಿಪ್ಪತ್ತು ಮೆಂತ್ಯೆ ಕಾಳು. ಪ್ರತಿಯೊಂದಕ್ಕೂ ಬಿಳಿಯ ಎಳೆ ಬೇರು.

‘ಅಜ್ಜಾ, ಬಾಲ ಬಂದೈತಿ ನೋಡ!’

ಬೀಜ ಮೊಳೆಯುವಾಗ ಮೊದಲು ಹೊರಬರುವುದು ಬೇರು, ಆಮೇಲೆ ಕಾಂಡ ಎಂದು ಇಪ್ಪತ್ತೆಂಟು ವರ್ಷಗಳಿಂದ ನಾನು ಹಲಗೆಯ ಮೇಲೆ ಚಿತ್ರ ಬಿಡಿಸಿ ಪಾಠ ಹೇಳುತ್ತಿದ್ದೇನೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳಿದ್ದೇನೆ. ಆದರೆ ಯಾವ ವಿದ್ಯಾರ್ಥಿಯೂ ಅದನ್ನು ಅಷ್ಟು ಸಂತೋಷದಿಂದ ನನಗೆ ಹೇಳಿರಲಿಲ್ಲ. ಬೈಯಲು ಬಾಯಿ ತೆರೆದವನು ಸುಮ್ಮನಾದೆ.

ಇದು 2024ರ ಮಿರಗದ ಮಳೆಯ ಹೊತ್ತಿನ ಮಾತು. ಅದೇ ಏಪ್ರಿಲ್‌ನಲ್ಲಿ ಮಗಳು ಎರಡನೆಯ ಬಾಣಂತನಕ್ಕೆಂದು ಅಂಕಲಗಿಯ ನಮ್ಮ ಮನೆಗೆ ಬಂದಿದ್ದಳು. ಜೂನ್ ಹೊತ್ತಿಗೆ ಕೂಸಿಗೆ ಎರಡು ತಿಂಗಳು. ದೊಡ್ಡವನಿಗೆ ತನ್ನ ತಾಯಿಯ ಮಡಿಲನ್ನು ಇನ್ನೊಬ್ಬರು ಹಿಡಿದುಕೊಂಡಿದ್ದಾರೆ ಎನ್ನುವ ಸಿಟ್ಟು. ಅಳು, ರಚ್ಚೆ, ಕೂಸಿನ ಕಾಲು ಚಿವುಟುವುದು, ಕೊನೆಗೆ ಮೊಬೈಲ್ ಕೊಟ್ಟರೆ ಮಾತ್ರ ಶಾಂತ. ಇದು ಯಾವ ಮನೆಯ ಕಥೆಯಲ್ಲ ಹೇಳಿ? ಮೊಬೈಲು ಕಸಿದುಕೊಂಡು ಅದರ ಬದಲು ಏನು ಕೊಡಬೇಕೆಂಬುದು ನನ್ನ ಮುಂದಿದ್ದ ಪ್ರಶ್ನೆ. ಹಿತ್ತಲು ಹೇಗೂ ಖಾಲಿ ಬಿದ್ದಿತ್ತು.

ನನ್ನ ಹೆಂಡತಿಗೆ ಇದು ಸರಿಬೀಳಲಿಲ್ಲ. ‘ಏನ್ರೀ, ಹಸಗೂಸು ಮನ್ಯಾಗ ಇಟಗೊಂಡು ಈಗ ಮಣ್ಣಿನ ಕೆಲಸ ಸುರು ಮಾಡ್ತೀರೇನು? ಅವ ಮಣ್ಣು ತಿಂತಾನ, ಇಕಿಗೆ ಗಾಳಿ ಹತ್ತತೈತಿ’ ಎಂದಳು. ಆಕೆಯ ಎರಡು ಆಕ್ಷೇಪಗಳಲ್ಲಿ ಮೊದಲನೆಯದು ಪೂರ್ತಿ ಸರಿಯಾಗಿತ್ತು ಎಂಬುದು ಮುಂದೆ ಗೊತ್ತಾಯಿತು.

ನಮ್ಮದು ಎರೆ ಮಣ್ಣು. ಒಣಗಿದರೆ ಕೈ ಹೋಗುವಷ್ಟು ಬಿರುಕು, ನೆನೆದರೆ ಕಾಲಿಗೆ ಅಂಟಿ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಇದರಲ್ಲಿರುವ ಜಿಗುಟಾದ ಜೇಡಿಯ ಕಣಗಳು ನೀರು ಕುಡಿದು ಹಿಗ್ಗುತ್ತವೆ, ಆರಿದಾಗ ಕುಗ್ಗುತ್ತವೆ; ಬಿರುಕಿನ ಕಾರಣ ಇದೇ. ಸಣ್ಣ ಮಡಿಗೆ ಇದು ಕಷ್ಟದ ಮಣ್ಣು. ಹಾಗಾಗಿ ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಮೂರನ್ನೂ ಸಮಸಮ ಬೆರೆಸಿ ಹಳೆಯ ಚೀಲಗಳಿಗೂ ಸೋರುವ ಎರಡು ಕೊಡಗಳಿಗೂ ತುಂಬಿದೆ. ಉಳಿದ ಜಾಗದಲ್ಲಿ ಒಂದು ಮಾರು ಉದ್ದದ ಮಡಿ. ಅಷ್ಟೇ. ಮನೆಯಲ್ಲಿ ಕೂಸಿದ್ದಾಗ ಇದಕ್ಕಿಂತ ದೊಡ್ಡ ತೋಟ ಮಾಡಬಾರದು ಎನ್ನುವುದು ನನ್ನ ಅನುಭವ. ಬೆಳಗ್ಗೆ ಇಪ್ಪತ್ತು ನಿಮಿಷ, ಸಂಜೆ ಹತ್ತು ನಿಮಿಷ ಸಿಕ್ಕರೆ ಅದೇ ಹೆಚ್ಚು. ಕೂಸು ಅತ್ತರೆ ಅದೂ ಇಲ್ಲ.

ಏನು ಬಿತ್ತಬೇಕು? ದೊಡ್ಡವರ ತೋಟದ ಲೆಕ್ಕವೇ ಬೇರೆ, ಮಗುವಿನ ತೋಟದ ಲೆಕ್ಕವೇ ಬೇರೆ. ಎರಡೂವರೆ ವರ್ಷದವನಿಗೆ ‘ನಾಳೆ’ ಎಂಬುದೇ ದೂರದ ಮಾತು. ಟೊಮ್ಯಾಟೊ ಹಾಕಿ ಎರಡೂವರೆ ತಿಂಗಳು ಕಾಯಿ ಎಂದರೆ ಅವನು ಗಿಡವನ್ನೂ ಮರೆತಿರುತ್ತಾನೆ, ನಿಮ್ಮನ್ನೂ ಮರೆತಿರುತ್ತಾನೆ. ಮೆಂತ್ಯೆ ಎರಡು ಮೂರು ದಿನಕ್ಕೆ ಮೊಳೆಯುತ್ತದೆ. ಮೂಲಂಗಿ ನಾಲ್ಕೈದು ದಿನಕ್ಕೆ. ರಾಜಗಿರಿಯೂ ತಡಮಾಡುವುದಿಲ್ಲ, ತಿಂಗಳೊಳಗೆ ಪಲ್ಯಕ್ಕೆ ಬರುತ್ತದೆ. ಕೊತ್ತಂಬರಿ ಮಾತ್ರ ಎಂಟು ಹತ್ತು ದಿನ ಸತಾಯಿಸುತ್ತದೆ. ಅದರ ಕಾಳಿನಲ್ಲಿ ಎರಡು ಬೀಜಗಳಿರುವುದರಿಂದ ಚಪ್ಪಲಿಯ ಅಡಿಯಲ್ಲಿ ಮೆಲ್ಲಗೆ ಉಜ್ಜಿ ಹೋಳು ಮಾಡಿ ಹಾಕುತ್ತೇವಲ್ಲ, ಆ ಉಜ್ಜುವ ಕೆಲಸ ಮೊಮ್ಮಗನಿಗೆ ಬಹಳ ಹಿಡಿಸಿತು. ಬಾಣಂತಿಗೆಂದು ಸಬ್ಬಸಿಗೆ ಹಾಕಿದ್ದು ಹೆಂಡತಿಯ ಆಜ್ಞೆ.

ಕಿತ್ತು ನೋಡುವ ಚಟಕ್ಕೆ ಏನು ಮಾಡುವುದು? ಬೈದರೆ ನಿಲ್ಲುವುದಿಲ್ಲ. ಅವನು ಕೀಳುತ್ತಿದ್ದುದು ಹಾಳುಮಾಡಲು ಅಲ್ಲ. ಒಳಗೆ ಏನಾಗುತ್ತಿದೆ ಎಂದು ತಿಳಿಯಲು. ಒಂದು ಗಾಜಿನ ಲೋಟದ ಒಳಗೋಡೆಗೆ ನೀರಿನಲ್ಲಿ ನೆನೆಸಿದ ಕಾಗದ ಸುತ್ತಿ, ಗಾಜಿಗೂ ಕಾಗದಕ್ಕೂ ನಡುವೆ ನಾಲ್ಕು ಹೆಸರುಕಾಳು ಸಿಕ್ಕಿಸಿ, ಅಡಿಗೆ ಒಂದು ಬೆರಳು ನೀರು ಹಾಕಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಗಾಜಿನಾಚೆಗೆ ಬೇರು ಇಳಿಯುವುದು, ಕಾಳು ಸಿಪ್ಪೆ ಬಿಡುವುದು, ಕಾಂಡ ಬಾಗಿ ಮೇಲೇಳುವುದು ಎಲ್ಲವೂ ಕಾಣುತ್ತದೆ. ಲೋಟವನ್ನು ಅಡ್ಡ ಮಲಗಿಸಿದರೆ ಮಾರನೆಯ ದಿನ ಬೇರು ಮತ್ತೆ ನೆಲದ ಕಡೆಗೆ ತಿರುಗಿರುತ್ತದೆ. ಎಂಟನೆಯ ತರಗತಿಯ ಹುಡುಗರೂ ಇದನ್ನು ಮಾಡಿ ನೋಡಬಹುದು. ಹಿತ್ತಲಿನ ಮಡಿಗೆ ಅಂದಿನಿಂದ ಸ್ವಲ್ಪ ಬಿಡುವು ಸಿಕ್ಕಿತು.

ಮಣ್ಣು ಬಾಯಿಗೆ ಹೋದಾಗ

ಎರಡೇ ವಾರದಲ್ಲಿ ಹೆಂಡತಿಯ ಮಾತು ನಿಜವಾಯಿತು. ಮೊಮ್ಮಗ ಮಣ್ಣು ತಿನ್ನುವುದನ್ನು ನಾನೇ ಕಂಡೆ. ಹಳ್ಳಿಯಲ್ಲಿ ಇದಕ್ಕೆ ನಗುತ್ತೇವೆ, ಬಾಲಕೃಷ್ಣನ ಕಥೆ ನೆನೆಯುತ್ತೇವೆ. ಒಂದೆರಡು ಸಲ ರುಚಿ ನೋಡುವುದು ಆ ವಯಸ್ಸಿನ ಸ್ವಭಾವ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ಆದರೆ ಮಗು ದಿನವೂ ಹುಡುಕಿಕೊಂಡು ಹೋಗಿ ಮಣ್ಣು, ಸುಣ್ಣ, ಬಳಪ ತಿನ್ನುತ್ತಿದ್ದರೆ ಅದರ ಹಿಂದೆ ರಕ್ತದಲ್ಲಿ ಕಬ್ಬಿಣದ ಕೊರತೆ ಇರುವುದುಂಟು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ. ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಂಗಸರಲ್ಲಿ ನೂರಕ್ಕೆ 57. ಅಂದರೆ ತಾಯಿ ಮಗು ಇಬ್ಬರ ತಾಟೂ ನೋಡಬೇಕಾದದ್ದೇ.

ಮೊಮ್ಮಗನ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ ಕಡಿಮೆಯೇ ಇತ್ತು. ವೈದ್ಯರು ಕಬ್ಬಿಣದ ಔಷಧಿ ಕೊಟ್ಟರು. ಹಿತ್ತಲಿನ ಮೆಂತ್ಯೆ, ರಾಜಗಿರಿ ಔಷಧಿಯ ಜಾಗ ತುಂಬಲಾರವು, ಇದನ್ನು ಸ್ಪಷ್ಟವಾಗಿ ಹೇಳಬೇಕು. ಸೊಪ್ಪಿನಲ್ಲಿರುವ ಕಬ್ಬಿಣವನ್ನು ನಮ್ಮ ಕರುಳು ಹೀರಿಕೊಳ್ಳುವುದೇ ಸ್ವಲ್ಪ. ಆದರೆ ಪಲ್ಯದ ಮೇಲೆ ಲಿಂಬೆಹಣ್ಣು ಹಿಂಡಿದರೆ ಅದರ ಸಿ ಜೀವಸತ್ವದಿಂದ ಹೀರುವಿಕೆ ಹೆಚ್ಚುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಕುಗ್ಗುತ್ತದೆ. ನಮ್ಮ ಕಡೆ ಎರಡು ವರ್ಷದ ಮಕ್ಕಳಿಗೂ ಬಸಿಯಲ್ಲಿ ಚಹಾ ಹಾಕಿ ಕೊಡುವ ರೂಢಿ ಇದೆಯಲ್ಲ, ಅದನ್ನು ನಮ್ಮ ಮನೆಯಲ್ಲಿ ಅಂದೇ ನಿಲ್ಲಿಸಿದೆವು. ತಾನೇ ನೀರು ಹಾಕಿದ ರಾಜಗಿರಿ ಎಂದು ಹೇಳಿದರೆ ಮೊಮ್ಮಗ ಒಂದು ತುತ್ತು ಹೆಚ್ಚು ತಿನ್ನುತ್ತಿದ್ದ, ಯಾವಾಗಲೂ ಅಲ್ಲ.

ಮಣ್ಣಿನೊಡನೆ ಹುಳುಗಳೂ ಬರುತ್ತವೆ. ದುಂಡುಹುಳುವಿನ ಮೊಟ್ಟೆ ಕೊಳಕು ಕೈಯಿಂದ ಬಾಯಿಗೆ. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮ ಕೊರೆದು ಒಳಗೆ. ಕಾಲಿಗೆ ಚಪ್ಪಲಿ, ಕೆಲಸ ಮುಗಿದ ಕೂಡಲೇ ಸಾಬೂನಿನಿಂದ ಕೈತೊಳೆತ, ಕತ್ತರಿಸಿದ ಉಗುರು, ಈ ಮೂರಕ್ಕೆ ಖರ್ಚೇನಿಲ್ಲ. ಒಂದು ವರ್ಷದಿಂದ ಹತ್ತೊಂಬತ್ತು ವರ್ಷದವರೆಗಿನವರಿಗೆ ಅಂಗನವಾಡಿ, ಶಾಲೆಗಳಲ್ಲಿ ಜಂತುಹುಳು ಮಾತ್ರೆ ನುಂಗಿಸುವ ರಾಷ್ಟ್ರೀಯ ಕಾರ್ಯಕ್ರಮ 2015ರಿಂದ ನಡೆದಿದೆ. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಅರ್ಧ ಮಾತ್ರೆ, ಆಮೇಲೆ ಪೂರ್ತಿ. ಎಷ್ಟೋ ಪಾಲಕರು ‘ನಮ್ಮ ಹುಡುಗ ಆರೋಗ್ಯವಾಗಿದ್ದಾನೆ’ ಎಂದು ಆ ದಿನ ಶಾಲೆಗೇ ಕಳಿಸುವುದಿಲ್ಲ. ದಯವಿಟ್ಟು ಕಳಿಸಿ. ಧನುರ್ವಾಯುವಿನ ರೋಗಾಣು ಕೂಡ ಮಣ್ಣು, ಸಗಣಿಗಳಲ್ಲಿ ಬಹುಕಾಲ ಬದುಕಿರುತ್ತದೆ. ಆರು, ಹತ್ತು, ಹದಿನಾಲ್ಕನೆಯ ವಾರದ ಲಸಿಕೆಗಳು, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗಿನ ಬೂಸ್ಟರ್ ಆಗಿವೆಯೇ ಎಂದು ತಾಯಿ ಕಾರ್ಡು ನೋಡಿ ಖಚಿತಮಾಡಿಕೊಂಡೇ ನಾನು ಮೊಮ್ಮಗನ ಕೈಗೆ ಕುರ್ಪಿ ಕೊಟ್ಟದ್ದು.

ಹಾಗೆಂದು ಮಣ್ಣೆಂದರೆ ರೋಗವೆಂದೇ ತಿಳಿಯಬೇಕಾಗಿಲ್ಲ. ಫಿನ್‌ಲೆಂಡಿನಲ್ಲಿ ವಿಜ್ಞಾನಿಗಳು ಒಂದು ಪ್ರಯೋಗ ಮಾಡಿ 2020ರಲ್ಲಿ ಪ್ರಕಟಿಸಿದರು. ಬರಿ ಜಲ್ಲಿಕಲ್ಲು ಹಾಸಿದ್ದ ಕೆಲವು ಶಿಶುವಿಹಾರಗಳ ಅಂಗಳಕ್ಕೆ ಕಾಡಿನ ನೆಲದ ಮಣ್ಣು, ಹುಲ್ಲು ತಂದು ಹಾಸಿ, ಗಿಡ ನೆಡುವ ಪೆಟ್ಟಿಗೆಗಳನ್ನಿಟ್ಟು ಮೂರರಿಂದ ಐದು ವರ್ಷದ ಮಕ್ಕಳನ್ನು ಅಲ್ಲಿ ಆಡಲು ಬಿಟ್ಟರು. ಇಪ್ಪತ್ತೆಂಟು ದಿನಗಳಲ್ಲಿ ಆ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತ್ತು. ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆ ಸಮತೋಲಕ್ಕೆ ಬರುತ್ತಿರುವ ಗುರುತುಗಳು ಕಂಡವು. ಪ್ರಯೋಗದಲ್ಲಿದ್ದ ಒಟ್ಟು ಮಕ್ಕಳು ಎಪ್ಪತ್ತೈದು ಮಾತ್ರ, ಅದೂ ಸ್ವಚ್ಛ ಕಾಡಿನ ಮಣ್ಣು. ಅದನ್ನು ಓದಿ ನಾವು ಚರಂಡಿ ಪಕ್ಕದ ಮಣ್ಣಿನಲ್ಲಿ ಮಕ್ಕಳನ್ನು ಬಿಡುವಂತಿಲ್ಲ.

ನಮ್ಮ ಹಿರಿಯರಿಗೆ ಇದರ ಒಂದು ಅಂದಾಜು ಇತ್ತೇನೋ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವುದು, ಅದರ ಬೆನ್ನಿಗೆ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡುವುದು, ಇವೆಲ್ಲ ಮಕ್ಕಳ ಕೈಗೆ ಹದವಾದ ಮಣ್ಣು ಕೊಡುವ ಹಬ್ಬಗಳೇ. ಆ ವರ್ಷ ಅಮಾವಾಸ್ಯೆಗೆ ಪೇಟೆಯಿಂದ ಎತ್ತು ಕೊಳ್ಳದೆ ಹಿತ್ತಲಿನ ಎರೆ ಮಣ್ಣನ್ನೇ ನಾದಿ ಮಾಡಿದೆವು. ಮೊಮ್ಮಗ ಮಾಡಿದ ಎತ್ತಿಗೆ ಮೂರು ಕಾಲು. ಅದನ್ನೇ ಪೂಜೆಗೆ ಇಟ್ಟೆವು.

ಹೆಸರಿನಲ್ಲಿ ಮಾತ್ರ ಉಳಿದ ತೋಟ

ಊರೂರಿಗೂ ಈಗ ಎಲ್‌ಕೆಜಿ, ಯುಕೆಜಿ ಬಂದಿವೆ. ಆ ‘ಕೆಜಿ’ ಎಂಬುದು ಕಿಂಡರ್‌ಗಾರ್ಟನ್ ಎಂಬ ಜರ್ಮನ್ ಶಬ್ದದ ಮೊದಲಕ್ಷರಗಳು. ಅರ್ಥ ‘ಮಕ್ಕಳ ತೋಟ’. ಫ್ರೆಡ್ರಿಕ್ ಫ್ರೋಬೆಲ್ ಎಂಬ ಶಿಕ್ಷಕ 1840ರಲ್ಲಿ ತನ್ನ ಶಾಲೆಗೆ ಈ ಹೆಸರಿಟ್ಟ. ಅದು ಅಲಂಕಾರದ ಹೆಸರಾಗಿರಲಿಲ್ಲ. ಅಲ್ಲಿ ಮಕ್ಕಳಿಗೆ ಒಬ್ಬೊಬ್ಬರಿಗೂ ಸ್ವಂತದ ಸಣ್ಣ ಮಡಿ, ಜತೆಗೆ ಎಲ್ಲರೂ ಸೇರಿ ನೋಡಿಕೊಳ್ಳುವ ಮಡಿಗಳು ಇರುತ್ತಿದ್ದವು. ಈಗಿನ ಎಷ್ಟೋ ಕೆಜಿ ಶಾಲೆಗಳಲ್ಲಿ ಅಂಗಳಕ್ಕೆಲ್ಲ ಫರಸಿ ಹಾಕಿ, ಗೋಡೆಯ ಮೇಲೆ ಬಣ್ಣದಲ್ಲಿ ಗಿಡ ಬರೆಸಿರುತ್ತಾರೆ! ಗೋಕಾಕದ ಕುಶಲಕರ್ಮಿಗಳು ಕಟ್ಟಿಗೆಯಲ್ಲಿ ಮಾಡುವ ಹಣ್ಣು ತರಕಾರಿಗಳು ನಿಜವಾದವುಗಳೆಂದೇ ಕಾಣುತ್ತವೆ. ಆ ಆಟಿಕೆಗಳ ಬಗ್ಗೆ ನನಗೆ ಬಹಳ ಅಭಿಮಾನ. ಆದರೆ ಮಗು ಬದನೆಕಾಯಿಯನ್ನು ಆಟಿಕೆಯಾಗಿ ಮಾತ್ರ ನೋಡಿ ಬೆಳೆಯಬಾರದಲ್ಲ.

ನನ್ನ ತಪ್ಪು

ಇನ್ನು ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಜುಲೈ ಕೊನೆಯಲ್ಲಿ ಅವರೆ ಬಳ್ಳಿಯ ಕುಡಿಗಳಿಗೆ ಕರಿಹೇನು ಹತ್ತಿತು. ಬೆಳೆಸಿದ್ದು ಹಾಳಾಗುತ್ತಿದೆ ಎಂಬ ಅವಸರದಲ್ಲಿ ಪರಿಚಯದ ರೈತರೊಬ್ಬರ ಹೊಲದಿಂದ ಉಳಿದ ಕೀಟನಾಶಕವನ್ನು ಒಂದಿಷ್ಟು ತಂದೆ. ತಂದದ್ದು ಯಾವುದರಲ್ಲಿ? ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ. ಇಟ್ಟದ್ದು ಎಲ್ಲಿ? ಬಚ್ಚಲ ಗೋಡೆಯ ಗೂಡಿನಲ್ಲಿ. ಮರುದಿನ ಮಧ್ಯಾಹ್ನ ಮೊಮ್ಮಗ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಬಂದ. ‘ಆಯೀ, ಶರಬತ್ತ ತೆಗದ ಕೊಡ.’

ಮುಚ್ಚಳ ಬಿಗಿಯಾಗಿತ್ತು. ಅವನ ಬೆರಳಿಗೆ ತೆಗೆಯಲು ಬರಲಿಲ್ಲ. ಅಷ್ಟೇ ಕಾರಣ, ನನ್ನ ಬುದ್ಧಿವಂತಿಕೆಯೇನೂ ಅದರಲ್ಲಿರಲಿಲ್ಲ.

ಮಗಳು ಎರಡು ದಿನ ನನ್ನ ಜತೆ ಮಾತಾಡಲಿಲ್ಲ. ಮೂರನೆಯ ದಿನ ಕೂಸಿಗೆ ಹಾಲು ಕುಡಿಸುತ್ತ, ‘ಅಪ್ಪಾ, ಸಾಲ್ಯಾಗ ನೀವು ಹುಡುಗರಿಗೆ ಇದನ್ನ ಹೇಳಿಕೊಡ್ತೀರಲ್ಲ’ ಎಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಕೀಟನಾಶಕದ ಡಬ್ಬಿಯ ಮೇಲೆ ತ್ರಿಕೋನದ ಗುರುತು ಇರುತ್ತದೆ. ಕೆಂಪು ಎಂದರೆ ಅತಿ ಘೋರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರೆಂದರೆ ‘ಅಪಾಯವಿಲ್ಲ’ ಎಂದಲ್ಲ. ಬೇರೆ ಬಾಟಲಿಗೆ ಸುರಿದ ಕ್ಷಣ ಆ ತ್ರಿಕೋನವೂ ಹೋಯಿತು, ಹೆಸರೂ ಹೋಯಿತು, ವೈದ್ಯರಿಗೆ ತೋರಿಸಲು ಬೇಕಾದ ಗುರುತೂ ಹೋಯಿತು. ಅಂಥ ದುರ್ಘಟನೆ ಆದಾಗ ಬಲವಂತವಾಗಿ ವಾಂತಿ ಮಾಡಿಸುವುದು, ಉಪ್ಪುನೀರು ಕುಡಿಸುವುದು ಕೂಡದು. ವಾಂತಿಯ ವಿಷ ಶ್ವಾಸಕೋಶಕ್ಕೆ ಹೋದರೆ ಇನ್ನೂ ಕೆಡುಕು. 108ಕ್ಕೆ ಕರೆ ಮಾಡಿ, ಡಬ್ಬಿಯನ್ನೂ ಜತೆಗೆ ಒಯ್ದು ಆಸ್ಪತ್ರೆ ಸೇರಬೇಕು. ನಾನು ಆ ಬಾಟಲಿಯನ್ನು ಚರಂಡಿಗೆ ಸುರಿಯದೆ ತಂದವರಿಗೇ ಹಿಂದಿರುಗಿಸಿದೆ. ಬಣ್ಣ ಹಚ್ಚಿದ ಬಿತ್ತನೆ ಬೀಜಗಳೂ ಹೀಗೆಯೇ. ಆ ಕೆಂಪು ಬಣ್ಣ ಔಷಧಿ ಲೇಪಿಸಿದ್ದರ ಗುರುತು, ಮಕ್ಕಳಿಗೆ ಅದು ಮಿಠಾಯಿಯ ಬಣ್ಣ.

ಕಾಸರಗೋಡಿನ ಸಂಗತಿ ಓದುಗರಿಗೆ ನೆನಪಿರಬೇಕು. ಅಲ್ಲಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಸುತ್ತಲಿನ ಹಳ್ಳಿಗಳ ಮಕ್ಕಳ ಸಂಕಟ ದೇಶಕ್ಕೆಲ್ಲ ತಿಳಿದದ್ದು ಆಮೇಲೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶಾದ್ಯಂತ ತಡೆಯಿತು. ಆ ಜಾತಿಯ ಎಷ್ಟೋ ರಾಸಾಯನಿಕಗಳು ಕೊಬ್ಬಿನಲ್ಲಿ ಕರಗುತ್ತವೆ, ತಾಯಿಯ ಹಾಲಿಗೂ ಇಳಿಯುತ್ತವೆ. ಹಾಲೂಡಿಸುವ ತಾಯಿ ಇರುವ ಮನೆಯ ಹಿತ್ತಲಿಗೆ ಇಂಥದೇನೂ ಬೇಕಾಗಿಯೇ ಇಲ್ಲ. ಅವರೆ ಬಳ್ಳಿಯ ಹೇನನ್ನು ನೀರಿನ ರಭಸದಿಂದ ತೊಳೆದೆ, ಹತ್ತಿದ ಕುಡಿಗಳನ್ನು ಚಿವುಟಿದೆ. ಅರ್ಧ ಬಳ್ಳಿ ಹೋಯಿತು, ಹೋಗಲಿ. ಆಮೇಲೆ ಲೀಟರಿಗೆ ಐವತ್ತು ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ ರಾತ್ರಿಯಿಡೀ ನೆನೆಸಿ, ಸೋಸಿ ಸಿಂಪಡಿಸಿದೆ. ಬೇವಲ್ಲವೇ ಎಂದು ಇದರಲ್ಲೂ ಮೈಮರೆಯಬೇಡಿ. ಬೇವಿನ ಎಣ್ಣೆ ಕುಡಿಸಿದ್ದರಿಂದ ಎಳೆಗೂಸುಗಳಿಗೆ ವಾಂತಿ, ಸೆಳವು ಬಂದು ಮಿದುಳಿಗೇ ಪೆಟ್ಟಾದ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಹೊಟ್ಟೆಗೆಂದು ಒಂದು ಹನಿಯೂ ಕೂಡದು.

ಅದೇ ವಾರ ಹಿತ್ತಲನ್ನು ಹೊಸ ಕಣ್ಣಿನಿಂದ ನೋಡಿದೆ. ಬೇಲಿಯಲ್ಲಿದ್ದ ಕಣಗಿಲೆ, ಔಡಲ, ಕಾಡು ಔಡಲ (ಜತ್ರೋಫಾ ಎಂದು ಡೀಸೆಲ್ಲಿಗಾಗಿ ಬೆಳೆಸಿದರಲ್ಲ, ಅದೇ) ಎಲ್ಲವನ್ನೂ ಕಿತ್ತೆ. ಕಾಡು ಔಡಲದ ಬೀಜಕ್ಕೆ ಸಿಹಿ ರುಚಿ; ತಿಂದು ವಾಂತಿ ಭೇದಿಯಿಂದ ಆಸ್ಪತ್ರೆ ಸೇರುವ ಮಕ್ಕಳ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಗೋಡೆಗೆ ಒರಗಿಸಿದ್ದ ಹಳೆಯ ಇಟ್ಟಿಗೆಗಳ ರಾಶಿಯಲ್ಲಿ ಎರಡು ಕೆಂಪು ಚೇಳು ಸಿಕ್ಕವು. ಸಣ್ಣ ಮಕ್ಕಳಿಗೆ ಇದರ ಕಡಿತ ಹೃದಯಕ್ಕೇ ತಟ್ಟುತ್ತದೆ. ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ ಬಾವಸ್ಕರ ಅವರು ರಕ್ತದೊತ್ತಡದ ಪ್ರಾಜೋಸಿನ್ ಎಂಬ ಮಾತ್ರೆ ಇದಕ್ಕೆ ಗುಣಕಾರಿ ಎಂದು ತೋರಿಸಿಕೊಟ್ಟ ಮೇಲೆ ಸಾಯುವವರ ಸಂಖ್ಯೆ ಬಹಳ ಇಳಿಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಮಾತ್ರೆ ಸಿಗುವುದು ಆಸ್ಪತ್ರೆಯಲ್ಲಿ, ಮಂತ್ರ ಹಾಕುವವರ ಬಳಿ ಅಲ್ಲ.

ಎಲ್ಲಕ್ಕಿಂತ ದೊಡ್ಡ ಭಯ ನೀರು. ದನಕ್ಕೆಂದು ಇಟ್ಟಿದ್ದ ಹಳೆಯ ಬಾನಿಯಲ್ಲಿ ಗಿಡಕ್ಕೆ ನೀರು ತುಂಬಿಡುತ್ತಿದ್ದೆ. ಚಿಕ್ಕ ಮಗುವಿನ ತಲೆ ಮೈಯ ಪ್ರಮಾಣಕ್ಕೆ ಹೋಲಿಸಿದರೆ ಭಾರ. ಬಗ್ಗಿ ತಲೆ ಕೆಳಗಾಗಿ ಬಿದ್ದರೆ ತಾನಾಗಿ ಏಳಲಾರದು. ನಾಲ್ಕು ಬೆರಳು ನೀರು ಸಾಕು ಉಸಿರು ನಿಲ್ಲಲು, ಕೂಗಿನ ಸದ್ದೂ ಕೇಳಿಸುವುದಿಲ್ಲ. ಅಂದಿನಿಂದ ಬಾನಿ ಬೋರಲು. ನೀರು ಹಾಕುವುದಕ್ಕೆ ಮೊಮ್ಮಗನ ಕೈಗೆ ಒಂದು ಸಣ್ಣ ಚರಿಗೆ. ನಳದಿಂದ ತುಂಬಿಸಿ ಕೊಡುವುದು, ಅವನು ಅರ್ಧ ಗಿಡಕ್ಕೆ, ಅರ್ಧ ತನ್ನ ಚಡ್ಡಿಗೆ ಸುರಿಯುವುದು. ನಿಂತ ನೀರು ಹೋದದ್ದರಿಂದ ಡೆಂಗಿ ಸೊಳ್ಳೆಗೂ ಜಾಗ ತಪ್ಪಿತು. ಅದು ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು.

ಜೋಳಿಗೆಯ ಕೂಸು

ಹೆಂಡತಿಯ ಎರಡನೆಯ ಆಕ್ಷೇಪಕ್ಕೆ, ಅಂದರೆ ಗಾಳಿಗೆ, ನಾವು ಒಂದು ರಾಜಿ ಮಾಡಿಕೊಂಡೆವು. ಮೂರು ತಿಂಗಳು ತುಂಬಿದ ಮೇಲೆ ಬೆಳಗಿನ ಎಳೆಬಿಸಿಲು ಏರುವ ಮುನ್ನ ಬೇವಿನ ಗಿಡದ ನೆರಳಿನಲ್ಲಿ ಹಳೆಯ ಸೀರೆಯ ಜೋಳಿಗೆ ಕಟ್ಟಿ, ಮೇಲೆ ಸೊಳ್ಳೆಪರದೆ ಹಾಕಿ ಕೂಸನ್ನು ಮಲಗಿಸುವುದು. ಪಕ್ಕದಲ್ಲಿ ಯಾರಾದರೊಬ್ಬರು ಇರಲೇಬೇಕು. ಹುಟ್ಟಿದ ಕೂಸಿಗೆ ಕಾಣುವುದು ಗೇಣುದ್ದ ದೂರ ಮಾತ್ರ, ಹಾಲು ಕುಡಿಯುವಾಗ ತಾಯಿಯ ಮುಖ ಇರುವಷ್ಟು. ಮೂರನೆಯ ತಿಂಗಳಿಗೆ ಅದು ಚಲಿಸುವ ವಸ್ತುವನ್ನು ಕಣ್ಣಿನಿಂದ ಹಿಂಬಾಲಿಸತೊಡಗುತ್ತದೆ. ಬೇವಿನ ಎಲೆ ಅಲ್ಲಾಡುವುದನ್ನು ನಮ್ಮ ಕೂಸು ನೋಡುತ್ತಿದ್ದ ಪರಿಗೆ ಹೆಂಡತಿಯೇ ಕೊನೆಗೆ, ‘ನಾಳೆನೂ ಕಟ್ರಿ’ ಎಂದಳು.

ಕೂಸಿನ ಎರೆದ ನೀರು ಬಾಳೆಗೆ ಹೋಗುತ್ತಿತ್ತು. ಮಲ ಹತ್ತಿದ ಬಟ್ಟೆ ಒಗೆದ ನೀರನ್ನು ಮಾತ್ರ ಸೊಪ್ಪಿನ ಮಡಿಯ ಕಡೆ ಬಿಡಲಿಲ್ಲ. ಹಸಿಯಾಗಿ ತಿನ್ನುವ ಕೊತ್ತಂಬರಿಗೆ ಅದು ಸಲ್ಲದು. ಆರು ತಿಂಗಳವರೆಗೆ ಕೂಸಿಗೆ ತಾಯಿಯ ಹಾಲೊಂದೇ, ನೀರೂ ಬೇಡ ಎನ್ನುತ್ತಾರೆ ವೈದ್ಯರು. ಹಾಗಾಗಿ ಹಿತ್ತಲಿನ ಬೆಳೆ ಆಕೆಗೆ ಸಿಕ್ಕದ್ದು ತಾಯಿಯ ತಾಟಿನ ಮೂಲಕವೇ.

ಮಗಳ ವಿಷಯ ಹೇಳದಿದ್ದರೆ ತಪ್ಪಾದೀತು. ರಾತ್ರಿ ಮೂರು ಸಲ ಏಳುವವಳು ಬೆಳಗ್ಗೆ ಸಬ್ಬಸಿಗೆ ಚಿವುಟಲು ಬಂದು ಕೂತರೆ ಹತ್ತು ನಿಮಿಷ ಯಾರ ಜತೆಗೂ ಮಾತಾಡುತ್ತಿರಲಿಲ್ಲ. ಮೊದಮೊದಲು ಅದು ನನ್ನ ಮೇಲಿನ ಸಿಟ್ಟೆಂದುಕೊಂಡಿದ್ದೆ. ‘ಇಲ್ಲಿ ಕುಂತರ ಯಾರೂ ಏನೂ ಕೇಳೂದಿಲ್ಲಪ್ಪಾ’ ಎಂದಳು ಒಂದು ದಿನ. ದೊಡ್ಡವನು ಆಗ ಅವಳ ಬೆನ್ನಿಗೆ ಒರಗಿ ಕೂತು ಎರೆಹುಳುವನ್ನು ಕಡ್ಡಿಯಿಂದ ಎತ್ತಲು ನೋಡುತ್ತಿದ್ದ. ಕೂಸಿನ ಕಾಲು ಚಿವುಟುವುದು ಯಾವಾಗ ನಿಂತಿತೋ ನಮಗೆ ನೆನಪಿಲ್ಲ.

ಸೆಪ್ಟೆಂಬರಿನಲ್ಲಿ ಕೂಸಿಗೆ ಐದು ತುಂಬಿದಾಗ ಅಳಿಯ ಬಂದು ಕರೆದುಕೊಂಡು ಹೋದರು. ಹುಬ್ಬಳ್ಳಿಯಲ್ಲಿ ಅವರದು ಎರಡನೆಯ ಅಂತಸ್ತಿನ ಮನೆ, ಗ್ಯಾಲರಿಯಲ್ಲಿ ಎರಡು ಚೀಲ ಇಡುವಷ್ಟು ಜಾಗ. ಮೆಂತ್ಯೆ, ರಾಜಗಿರಿ ಬೀಜಗಳನ್ನು ಚಿಂದಿಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟೆ. ಎಂಟು ದಿನದ ಮೇಲೆ ಫೋನು ಬಂತು. ಮೊಮ್ಮಗನಿಗೆ ಹಲೋ ಎನ್ನುವ ವ್ಯವಧಾನ ಇರಲಿಲ್ಲ.

‘ಅಜ್ಜಾ, ಬಾಲ ಬಂತು!’

‘ಎಷ್ಟು ಬಂದಾವ್ ತಮ್ಮಾ?’

‘ಎಲ್ಲಾ ಕಿತ್ತ ನೋಡೀನಿ.’

ಫೋನನ್ನು ಅವ್ವನಿಗೆ ಕೊಡು ಎಂದೆ. ಬಕೀಟಿನಲ್ಲಿ ನೀರು ಹಿಡಿದಿಟ್ಟಿದ್ದೀಯೇನು ಎಂದು ಕೇಳಿದೆ. ‘ಬೋರಲ ಹಾಕೀನಿ ಅಪ್ಪಾ’ ಎಂದಳು.